ಪರದೇಶಕ್ಕೆ ಹೊರಟ ಎಲೆಕ್ಟ್ರಿಷಿಯನ್ ಮಗ: ಕೈಕೆಲಸದ ಪರೀಕ್ಷೆಗೆ ಮನೆಯ ತಯಾರಿ

ಪ್ರೀತಿಯ ಸಂಘದ ಸಹೋದರಿಯರೇ,

ಉಳಿತಾಯ, ಸಾಲ, ಆರೋಗ್ಯ, ಹೈನುಗಾರಿಕೆ ಇವುಗಳ ಬಗ್ಗೆ ನಾವು ಕೂಡಿ ಕಲಿತಿದ್ದೇವೆ. ಈ ಸಲದ ಪಾಠ ಸ್ವಲ್ಪ ಬೇರೆ. ಇದು ಕರೆಂಟಿನ ಕೆಲಸ ಮಾಡುವ ನಿಮ್ಮ ಮಗ, ತಮ್ಮ ಅಥವಾ ಗಂಡನ ಪರೀಕ್ಷೆಗೆ ಸಂಬಂಧಿಸಿದ್ದು. "ಕರೆಂಟಿನ ವಿಷಯ ನಮಗ್ಯಾಕ್ರಿ ಸಿಸ್ಟರ್?" ಎಂದು ನೀವು ಕೇಳಬಹುದು. ಪರೀಕ್ಷೆಗೆ ಹೋಗುವವನು ಮಗ, ಆದರೆ ಸಾಲ ತೆಗೆಯುವವರು ನೀವು. ಆದ್ದರಿಂದ ಈ ಪಾಠ ನಿಮಗೇ.

ಪಾಠದ ಉದ್ದೇಶ

1. ಪರದೇಶದ ಕೆಲಸಕ್ಕೆ ಎಲೆಕ್ಟ್ರಿಷಿಯನ್‌ಗಳಿಗೆ ಮಾಡುವ ಕೈಕೆಲಸದ ಪರೀಕ್ಷೆ ಏನೆಂದು ತಿಳಿಯುವುದು.
2. ಆ ಪರೀಕ್ಷೆಗೆ ಮನೆಯಲ್ಲೇ ಹೇಗೆ ತಯಾರಿ ಮಾಡಿಸಬಹುದು ಎಂದು ಕಲಿಯುವುದು.
3. ಸಂಘದ ಹಣ ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂದು ತೀರ್ಮಾನಿಸುವುದು.

ಸಭೆಯಲ್ಲಿ ಬಂದ ಪ್ರಶ್ನೆ

ನಮ್ಮ ನರೇಗಲ್ ಭಾಗದಿಂದ ದುಡಿಯಲು ಹೊರಗೆ ಹೋಗುವುದು ಹೊಸದೇನಲ್ಲ. ಮಳೆ ಕೈಕೊಟ್ಟ ವರ್ಷ ಅಬ್ಬಿಗೇರಿ, ಜಕ್ಕಲಿ, ನಿಡಗುಂದಿ ಕಡೆಯ ಜನ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋಗಿದ್ದನ್ನು ನೀವೇ ಕಂಡಿದ್ದೀರಿ, ನಿಮ್ಮಲ್ಲೇ ಕೆಲವರು ಹೋಗಿ ಬಂದಿದ್ದೀರಿ. ಈಗ ಐಟಿಐ ಕಲಿತ ಹುಡುಗರು ಇನ್ನೂ ದೂರ ನೋಡುತ್ತಿದ್ದಾರೆ. ಸೌದಿ, ದುಬೈ, ಕತಾರ್ ಎನ್ನುತ್ತಾರೆ. ಒಬ್ಬಿಬ್ಬರು ಆಸ್ಟ್ರೇಲಿಯಾ ಎಂದೂ ಹೇಳುತ್ತಾರೆ.

ಒಂದು ಸಂಘದ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು ಕೇಳಿದಳು: "ನನ್ನ ಮಗಗ ಸೌದಿಗೆ ಹೋಗಾಕ ಅವಕಾಶ ಬಂದೈತ್ರಿ. ಏಜೆಂಟ ಒಂದು ಲಕ್ಷ ಕೇಳಾಕತ್ತಾನ. ಪರೀಕ್ಷಾನೂ ಅವನ ಪಾಸ್ ಮಾಡಿಸ್ತಾನಂತ. ಸಂಘದಾಗ ಸಾಲ ಕೊಡ್ರಿ."

ಆ ಹುಡುಗ ಒಳ್ಳೆಯ ಕೆಲಸಗಾರ. ಮನೆ ವೈರಿಂಗ್ ಮಾಡುತ್ತಾನೆ, ಹೊಲದ ಮೋಟಾರ್ ಸ್ಟಾರ್ಟರ್ ರಿಪೇರಿ ಮಾಡುತ್ತಾನೆ. ಆದರೂ ಒಮ್ಮೆ ತಾನೇ ಹೋಗಿ ಪರೀಕ್ಷೆ ಕೊಟ್ಟು ಫೇಲಾಗಿ ಬಂದಿದ್ದ. ಏಕೆಂದು ನಾವು ಅವನನ್ನು ಕೂರಿಸಿಕೊಂಡು ಕೇಳಿದೆವು. "ಬೋರ್ಡ್ ಮುಂದ ನಿಂತ ಕೂಡ್ಲೇ ಪ್ಲೇಯರ್ ಹಿಡದ್ನಿ ಸಿಸ್ಟರ್. ಮೇನ್ ಆಫ್ ಮಾಡೂದು ಮರ್ತೆ. ನೋಡಾಕ ನಿಂತವ್ರು 'ಸಾಕು, ನಿಲ್ಲಿಸು' ಅಂದ್ರು. ಅಲ್ಲಿಗೇ ಮುಗೀತ್ರಿ," ಎಂದ.

ಅದೇ ಸಭೆಯ ಮೂಲೆಯಲ್ಲಿ ಇನ್ನೊಬ್ಬ ಸದಸ್ಯೆ ಕುಳಿತಿದ್ದಳು. ಅವಳ ಗಂಡ ಕೆಲ ವರ್ಷಗಳ ಹಿಂದೆ ಹೊಲದಲ್ಲಿ ಮೋಟಾರಿನ ಡಬ್ಬಿ ಬಿಚ್ಚಿ ಕೆಲಸ ಮಾಡುವಾಗ ಕರೆಂಟ್ ಹೊಡೆದು ತೀರಿಕೊಂಡವನು. ಸಭೆಯಲ್ಲಿ ಹೆಚ್ಚು ಮಾತಾಡದ ಆಕೆ ಅಂದು ಹೇಳಿದ್ದು ಇಷ್ಟೇ: "ನನ್ನ ಗಂಡಗೂ ಅವತ್ತು ಯಾರರ ಹಿಂಗ 'ಸಾಕು, ನಿಲ್ಲಿಸು' ಅಂದಿದ್ರ, ಅಂವ ಇವತ್ತು ಇರ್ತಿದ್ದ."

ಸಭೆ ಸುಮ್ಮನಾಯಿತು. ಈ ಪಾಠ ಬರೆಯಬೇಕೆಂದು ನಮಗೆ ಅನಿಸಿದ್ದು ಆಗಲೇ. ಪರೀಕ್ಷೆಯಲ್ಲಿ ಹುಡುಗನನ್ನು ಫೇಲ್ ಮಾಡಿದ ತಪ್ಪು ಮತ್ತು ಹೊಲದಲ್ಲಿ ಒಬ್ಬನ ಪ್ರಾಣ ತೆಗೆದ ತಪ್ಪು, ಎರಡೂ ಒಂದೇ. ಆದ್ದರಿಂದ ಪರೀಕ್ಷೆಯ ತಯಾರಿ ಎಂದರೆ ಜೀವ ಉಳಿಸುವ ತಯಾರಿ. ಇದನ್ನು ದುಡ್ಡು ಕೊಟ್ಟು ಕೊಳ್ಳಲು ಬರುವುದಿಲ್ಲ.

ಈ ಪರೀಕ್ಷೆ ಎಂದರೆ ಏನು?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಮೂರು ಬೇರೆ ಬೇರೆ ಕಾಗದಗಳಿವೆ.

ಒಂದನೆಯದು ಐಟಿಐ ಸರ್ಟಿಫಿಕೇಟ್. ಎಲೆಕ್ಟ್ರಿಷಿಯನ್ ಟ್ರೇಡ್ 2 ವರ್ಷದ ಕೋರ್ಸು, 10ನೇ ತರಗತಿ ಪಾಸಾದವರಿಗೆ. ಇದು "ಇವನು ಕಲಿತಿದ್ದಾನೆ" ಎಂದು ಹೇಳುತ್ತದೆ.

ಎರಡನೆಯದು ವೈರ್‌ಮನ್ ಪರ್ಮಿಟ್. ಇದನ್ನು ಕರ್ನಾಟಕ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ ಇಲಾಖೆಯ ಕಡೆಯಿಂದ ಪಡೆಯಬೇಕು. ಇದು "ಇವನು ನಮ್ಮ ರಾಜ್ಯದಲ್ಲಿ ಈ ಕೆಲಸ ಮಾಡಬಹುದು" ಎಂದು ಹೇಳುತ್ತದೆ.

ಮೂರನೆಯದು ಪರದೇಶದವರ ನೈಪುಣ್ಯ ಪರೀಕ್ಷೆ. "ಇವನ ಕೈಕೆಲಸ ನಾವು ನೋಡಿದ್ದೇವೆ, ಸರಿಯಾಗಿದೆ" ಎಂದು ಆ ದೇಶದವರಿಗೆ ಹೇಳುವುದು ಇದೇ. ಮೊದಲಿನ ಎರಡು ಕಾಗದ ಇದ್ದ ಮಾತ್ರಕ್ಕೆ ಮೂರನೆಯದು ತಾನಾಗಿ ಸಿಗುವುದಿಲ್ಲ.

ಹಿಂದೆ ಕೊಲ್ಲಿ ದೇಶದ ಕಂಪನಿಯವರು ಮುಂಬೈಯಂಥ ಊರಲ್ಲಿ ತಮ್ಮದೇ ಟ್ರೇಡ್ ಟೆಸ್ಟ್ ಮಾಡಿ ಜನರನ್ನು ಆರಿಸುತ್ತಿದ್ದರು. ಆಮೇಲೆ ಸೌದಿ ಅರೇಬಿಯಾ ಸರ್ಕಾರ ಭಾರತದಲ್ಲಿ ತನ್ನದೇ ನೈಪುಣ್ಯ ತಪಾಸಣೆ ಆರಂಭಿಸಿತು. ಇದಕ್ಕೆ ಸ್ಕಿಲ್ ವೆರಿಫಿಕೇಶನ್ ಪ್ರೋಗ್ರಾಂ ಎನ್ನುತ್ತಾರೆ. ನಮ್ಮ ದೇಶದ ರಾಷ್ಟ್ರೀಯ ಕೌಶಲ್ಯಾಭಿವೃದ್ಧಿ ನಿಗಮದ ಜೊತೆ ಸೇರಿ ಇದನ್ನು ನಡೆಸಲಾಗುತ್ತದೆ. ಮೊದಲ ಸುತ್ತಿನಲ್ಲೇ ಸೇರಿದ ಕಸುಬುಗಳಲ್ಲಿ ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್ ಇದ್ದರು. ಪರೀಕ್ಷೆಯಲ್ಲಿ ಎರಡು ಭಾಗ. ಒಂದು ಕಂಪ್ಯೂಟರಿನಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡುವುದು. ಇನ್ನೊಂದು ತಪಾಸಣೆ ಮಾಡುವವರ ಕಣ್ಣೆದುರಿಗೆ ಕೆಲಸ ಮಾಡಿ ತೋರಿಸುವುದು.

ಆಸ್ಟ್ರೇಲಿಯಾದ ದಾರಿ ಇನ್ನೂ ಉದ್ದ. ಅಲ್ಲಿ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ ಎಂಬ ಸರ್ಕಾರಿ ವ್ಯವಸ್ಥೆ ಇದೆ. ಮೊದಲು ಕಲಿತ ಮತ್ತು ದುಡಿದ ದಾಖಲೆ ನೋಡುತ್ತಾರೆ. ಆಮೇಲೆ ತಾಂತ್ರಿಕ ಸಂದರ್ಶನ ಅಥವಾ ಕೈಕೆಲಸದ ಪರೀಕ್ಷೆ, ಅದೂ ಇಂಗ್ಲಿಷಿನಲ್ಲಿ. ಪಾಸಾಗಿ ಹೋದರೂ ಎಲೆಕ್ಟ್ರಿಷಿಯನ್ ಅಲ್ಲಿ ತಕ್ಷಣ ಸ್ವತಂತ್ರವಾಗಿ ಕೆಲಸ ಮಾಡುವಂತಿಲ್ಲ. ಲೈಸೆನ್ಸ್ ಇರುವವನ ಕೈಕೆಳಗೆ ದುಡಿದು, ಆ ದೇಶದ ನಿಯಮಗಳನ್ನು ಕಲಿತ ಮೇಲೆ ಪೂರ್ಣ ಲೈಸೆನ್ಸ್. "ಮೂರು ತಿಂಗಳಲ್ಲಿ ಆಸ್ಟ್ರೇಲಿಯಾ" ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ.

ದೇಶ ಯಾವುದೇ ಇರಲಿ, ಕೈಕೆಲಸದ ಪರೀಕ್ಷೆಯಲ್ಲಿ ನೋಡುವುದು ಮುಖ್ಯವಾಗಿ ನಾಲ್ಕು: ಸುರಕ್ಷತೆ, ನಕ್ಷೆ ನೋಡಿ ಕೆಲಸ ಮಾಡುವುದು, ಅಚ್ಚುಕಟ್ಟು, ಮತ್ತು ಮಾಡಿದ ಕೆಲಸವನ್ನು ತಾನೇ ಅಳೆದು ಪರೀಕ್ಷಿಸುವುದು.

ಮೊದಲ ತಯಾರಿ: ಕಾಗದ ಪತ್ರ

ನಮ್ಮ ಕಡೆ ಬಹಳ ಹುಡುಗರು ಸಿಕ್ಕಿ ಬೀಳುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ. ಒಂದರಲ್ಲಿ ಅಡ್ಡಹೆಸರು ಇರುತ್ತದೆ, ಇನ್ನೊಂದರಲ್ಲಿ ಅಪ್ಪನ ಹೆಸರಿನ ಒಂದೇ ಅಕ್ಷರ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲೇ ಇವೆಲ್ಲ ಒಂದೇ ಆಗುವಂತೆ ತಿದ್ದಿಸಿರಿ. ಹೆಸರಿನ ಜೊತೆ ಹುಟ್ಟಿದ ತಾರೀಖೂ ತಾಳೆಯಾಗಬೇಕು. ಹುಬ್ಬಳ್ಳಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಅರ್ಜಿ ಹಾಕಲು ಏಜೆಂಟ ಬೇಕಿಲ್ಲ.

10ನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇಸಿಆರ್ ಎಂಬ ಗುರುತು ಇರುತ್ತದೆ. ಅಂಥವರು ಸೌದಿ, ಕುವೈತ್, ಒಮಾನ್ ಮುಂತಾದ ದೇಶಕ್ಕೆ ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ವಲಸೆ ರಕ್ಷಣಾಧಿಕಾರಿಯ ಒಪ್ಪಿಗೆ ಪಡೆಯಬೇಕು. ಇದು ತೊಂದರೆ ಕೊಡಲು ಮಾಡಿದ್ದಲ್ಲ. ಕಡಿಮೆ ಓದಿದವರಿಗೆ ಮೋಸ ಆಗಬಾರದೆಂದು 1983ರ ವಲಸೆ ಕಾಯ್ದೆಯಲ್ಲಿ ಮಾಡಿದ ವ್ಯವಸ್ಥೆ.

ಇನ್ನು ದುಡಿದ ದಾಖಲೆ. ನಮ್ಮ ಹುಡುಗರು ಹತ್ತು ವರ್ಷ ಕೆಲಸ ಮಾಡಿದ್ದರೂ ಒಂದು ಚೀಟಿಯೂ ಇರುವುದಿಲ್ಲ. ಇಂದಿನಿಂದಲೇ ಒಂದು ಫೈಲ್ ಮಾಡಿಸಿರಿ:

- ಕೆಲಸ ಕೊಟ್ಟ ಗುತ್ತಿಗೆದಾರರಿಂದ ಪತ್ರ. ಅದರಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಏನೇನು ಕೆಲಸ ಎಂದು ಸ್ಪಷ್ಟವಾಗಿ ಇರಬೇಕು.
- ಕೂಲಿ ಆದಷ್ಟು ಬ್ಯಾಂಕ್ ಖಾತೆಗೇ ಬರಲಿ. ಪಾಸ್‌ಬುಕ್ ದೊಡ್ಡ ಸಾಕ್ಷಿ.
- ಒಂದೊಂದು ಕೆಲಸಕ್ಕೂ ಮೂರು ಫೋಟೋ: ಶುರುವಿನಲ್ಲಿ, ನಡುವೆ, ಮುಗಿದ ಮೇಲೆ. ಫೋಟೋದಲ್ಲಿ ಹುಡುಗನೂ ಕಾಣಬೇಕು.
- ಸಾಮಾನು ಕೊಂಡ ಬಿಲ್ಲು, ಗಿರಾಕಿಗೆ ಕೊಟ್ಟ ಬಿಲ್ಲು.

ಸಂಘದ ಲೆಕ್ಕದ ಪುಸ್ತಕವನ್ನು ನೀವು ಎಷ್ಟು ಜೋಪಾನ ಮಾಡುತ್ತೀರೋ ಈ ಫೈಲನ್ನೂ ಹಾಗೆಯೇ ಜೋಪಾನ ಮಾಡಿರಿ. ಸುಳ್ಳು ಪತ್ರ ಮಾತ್ರ ಬೇಡ. ಸಂದರ್ಶನದಲ್ಲಿ ಎರಡು ಪ್ರಶ್ನೆ ಕೇಳಿದರೆ ಸುಳ್ಳು ಬಯಲಾಗುತ್ತದೆ.

ಐಟಿಐ ಓದದೆ ಕೆಲಸ ನೋಡಿ ಕಲಿತ ಹುಡುಗರೂ ಇದ್ದಾರೆ. ಅವರಿಗಾಗಿ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಲ್ಲಿ, ಈಗಾಗಲೇ ಬರುವ ಕೆಲಸವನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಏರ್ಪಾಡು ಮಾಡಲಾಯಿತು. ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ವಿಚಾರಿಸಿರಿ.

ಎರಡನೇ ತಯಾರಿ: ಕೈಗೆ ಅಭ್ಯಾಸ

ನೀವು ರೊಟ್ಟಿ ಬಡಿಯುವಾಗ ಕೈ ತಾನಾಗಿ ತಿರುಗುತ್ತದೆ, ಯೋಚನೆ ಮಾಡುವುದಿಲ್ಲ. ಸುರಕ್ಷತೆಯೂ ಕೈಗೆ ಹಾಗೆಯೇ ಬರಬೇಕು. ಪರೀಕ್ಷೆಯ ದಿನ ಭಯ ಇರುತ್ತದೆ, ಭಯ ಇದ್ದಾಗ ಬಾಯಿಪಾಠ ಮರೆತುಹೋಗುತ್ತದೆ. ಆಗ ಕೈ ಏನು ಮಾಡಿ ರೂಢಿಯೋ ಅದನ್ನೇ ಮಾಡುತ್ತದೆ.

ಈ ಐದು ಹೆಜ್ಜೆಗಳನ್ನು ನೀವೂ ಕಲಿಯಿರಿ:

ಒಂದು, ನೋಡು. ಯಾವ ಲೈನ್, ಎಲ್ಲಿಂದ ಕರೆಂಟ್ ಬರುತ್ತದೆ, ಬೇರೆ ಕಡೆಯಿಂದಲೂ ಬರುತ್ತದೆಯೇ? ಮನೆಯಲ್ಲಿ ಇನ್ವರ್ಟರ್ ಇದ್ದರೆ ಮೇನ್ ತೆಗೆದರೂ ತಂತಿಯಲ್ಲಿ ಕರೆಂಟ್ ಇರಬಹುದು.
ಎರಡು, ಆರಿಸು. ಬರೀ ಸ್ವಿಚ್ ಅಲ್ಲ, ಮೇನ್ ಅಥವಾ ಆ ಲೈನಿನ ಎಂಸಿಬಿ.
ಮೂರು, ಬೀಗ ಹಾಕು, ಚೀಟಿ ಕಟ್ಟು. "ಕೆಲಸ ನಡೆದಿದೆ, ಹಚ್ಚಬೇಡಿ" ಎಂಬ ಚೀಟಿ. ಹೊಲದಲ್ಲಿ ಒಬ್ಬ ಡಬ್ಬಿ ಬಿಚ್ಚಿದಾಗ ಇನ್ನೊಬ್ಬ ತಿಳಿಯದೆ ಮೇನ್ ಹಚ್ಚಿಬಿಡಬಹುದು. ಅದಕ್ಕೇ ಈ ಹೆಜ್ಜೆ.
ನಾಲ್ಕು, ತಪಾಸು. ಮೀಟರನ್ನು ಮೊದಲು ಕರೆಂಟ್ ಇರುವಲ್ಲಿ ಹಿಡಿದು ಅದು ಸರಿಯಿದೆಯೇ ನೋಡಬೇಕು. ಆಮೇಲೆ ಕೆಲಸದ ಜಾಗದಲ್ಲಿ ಕರೆಂಟ್ ಇಲ್ಲವೆಂದು ನೋಡಬೇಕು. ಮತ್ತೆ ಒಮ್ಮೆ ಕರೆಂಟ್ ಇರುವಲ್ಲಿ ಹಿಡಿದು ಮೀಟರ್ ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಜೇಬಿನ ಟೆಸ್ಟರಿನ ದೀಪ ಹತ್ತಲಿಲ್ಲ ಎಂದ ಮಾತ್ರಕ್ಕೆ ಕರೆಂಟ್ ಇಲ್ಲ ಎಂದು ನಂಬಬಾರದು.
ಐದು, ಆಮೇಲೆ ಮುಟ್ಟು.

ಮನೆಯಲ್ಲಿ ಅಭ್ಯಾಸಕ್ಕೆ ಒಂದು ಪ್ಲೈವುಡ್ ಹಲಗೆ ಸಾಕು. ಮೂರು ಅಡಿ, ನಾಲ್ಕು ಅಡಿ ಇರಲಿ. ಅದರ ಮೇಲೆ ಪೈಪು, ಬಾಕ್ಸು, ಟೂ-ವೇ ಸ್ವಿಚ್ ಎರಡು, ಹೋಲ್ಡರ್, ಸಾಕೆಟ್, ಒಂದು ಸಣ್ಣ ಡಿಸ್ಟ್ರಿಬ್ಯೂಷನ್ ಬೋರ್ಡ್ ಕೂಡಿಸಬಹುದು. ಹಳೆಯ ಸಾಮಾನೂ ನಡೆಯುತ್ತದೆ. ಒಂದು ಮಾತು ಕಡ್ಡಾಯ: ಮನೆಯ ಅಭ್ಯಾಸದ ಹಲಗೆಗೆ ಕರೆಂಟ್ ಕೊಡಲೇಬಾರದು. ಜೋಡಣೆ ಸರಿಯಿದೆಯೇ ಎಂದು ಮಲ್ಟಿಮೀಟರಿನ ಬಝರ್ ಸದ್ದಿನಿಂದ ನೋಡಿದರೆ ಸಾಕು. ನಾಲ್ಕನೇ ಹೆಜ್ಜೆಯನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುತ್ತಾ ಕೈಯಲ್ಲಿ ಮಾಡಿ ತೋರಿಸಲಿ. ಕರೆಂಟ್ ಕೊಟ್ಟು ಮಾಡುವ ಅಭ್ಯಾಸ ಐಟಿಐ ಗುರುಗಳ ಎದುರಿಗೆ ಮಾತ್ರ.

ಇಲ್ಲಿ ತಾಯಂದಿರೇ ಪರೀಕ್ಷಕರು. ನಿಮಗೆ ವೈರಿಂಗ್ ಬರಬೇಕಿಲ್ಲ, ಓದಲೂ ಬರಬೇಕಿಲ್ಲ. ಮಗ ಹಲಗೆ ಮುಂದೆ ನಿಂತಾಗ ಐದು ಹೆಜ್ಜೆಗಳನ್ನು ಬೆರಳಲ್ಲಿ ಎಣಿಸಿರಿ. ಒಂದು ತಪ್ಪಿದರೂ "ಸಾಕು, ನಿಲ್ಲಿಸು" ಎನ್ನಿರಿ. ಮೊದಲಿನಿಂದ ಮಾಡಿಸಿರಿ. ನಾವು ಹೇಳಿದ ಆ ತಾಯಿ ಹೀಗೆಯೇ ಮಾಡಿದಳು. ಮಗ ಮೊದಮೊದಲು ನಕ್ಕ, ಆಮೇಲೆ ಸಿಟ್ಟು ಮಾಡಿದ. ಆಕೆ ಬಿಡಲಿಲ್ಲ. "ಅಲ್ಲಿ ಸಿಟ್ಟು ಮಾಡಿದ್ರ ಕೇಳವ್ರು ಯಾರೋ? ಇಲ್ಲೇ ಕಲಿ," ಎಂದಳಂತೆ.

ನಾಲ್ಕು ವಾರದ ಅಭ್ಯಾಸ

ಮೊದಲ ವಾರ: ಐದು ಹೆಜ್ಜೆ, ಮತ್ತು ತಂತಿಯ ಕೆಲಸ. ಸಿಪ್ಪೆ ತೆಗೆಯುವಾಗ ಒಳಗಿನ ತಾಮ್ರಕ್ಕೆ ಗಾಯ ಆಗಬಾರದು. ಸ್ಕ್ರೂ ಬಿಗಿದ ಮೇಲೆ ತಾಮ್ರ ಹೊರಗೆ ಕಾಣಬಾರದು, ತಂತಿ ಎಳೆದರೆ ಬರಬಾರದು. ಹಲ್ಲಿನಿಂದ ಸಿಪ್ಪೆ ಕಚ್ಚಿ ತೆಗೆಯುವ ರೂಢಿ ಇದ್ದರೆ ಇಂದೇ ಬಿಡಿಸಿರಿ.

ಎರಡನೇ ವಾರ: ಒಂದು ದೀಪ ಒಂದು ಸ್ವಿಚ್, ಆಮೇಲೆ ಮೆಟ್ಟಿಲಿನ ದೀಪ. ಮೆಟ್ಟಿಲಿನ ದೀಪವನ್ನು ಕೆಳಗಿನಿಂದಲೂ ಮೇಲಿನಿಂದಲೂ ಹಚ್ಚಿ ಆರಿಸಬೇಕು. ಫೇಸ್ ತಂತಿ ಮೊದಲ ಸ್ವಿಚ್ಚಿನ ನಡುವಿನ ತುದಿಗೆ, ಎರಡು ಸ್ವಿಚ್ಚುಗಳ ನಡುವೆ ಎರಡು ತಂತಿ, ಎರಡನೇ ಸ್ವಿಚ್ಚಿನ ನಡುವಿನ ತುದಿಯಿಂದ ದೀಪಕ್ಕೆ, ದೀಪದ ಇನ್ನೊಂದು ತುದಿಗೆ ನ್ಯೂಟ್ರಲ್. ಸ್ವಿಚ್ ಯಾವಾಗಲೂ ಫೇಸಿನಲ್ಲಿಯೇ ಇರಬೇಕು. ನ್ಯೂಟ್ರಲ್‌ನಲ್ಲಿ ಹಾಕಿದರೂ ದೀಪ ಆರುತ್ತದೆ, ಆದರೆ ಹೋಲ್ಡರಿನಲ್ಲಿ ಕರೆಂಟ್ ಉಳಿದಿರುತ್ತದೆ. ಬಲ್ಬ್ ಬದಲಿಸಲು ಕೈ ಇಡುವವರು ಹೆಚ್ಚಾಗಿ ನೀವೇ, ನೆನಪಿರಲಿ.

ಮೂರನೇ ವಾರ: ಡಿಸ್ಟ್ರಿಬ್ಯೂಷನ್ ಬೋರ್ಡ್, ಎಂಸಿಬಿ, ಆರ್‌ಸಿಸಿಬಿ, ಮೋಟಾರ್ ಸ್ಟಾರ್ಟರ್. ಎಂಸಿಬಿ ತಂತಿಯನ್ನು ಕಾಯುತ್ತದೆ, ಲೋಡ್ ಹೆಚ್ಚಾದರೆ ಬೀಳುತ್ತದೆ. ಆರ್‌ಸಿಸಿಬಿ ಮನುಷ್ಯನನ್ನು ಕಾಯುತ್ತದೆ. ಮನೆಗೆ ಹಾಕುವುದು 30 ಮಿಲಿ ಆಂಪಿಯರ್‌ನದು, ಅಷ್ಟು ಕರೆಂಟ್ ಸೋರಿದರೂ ಲೈನ್ ಕಡಿದುಹೋಗುತ್ತದೆ. ಸ್ಟಾರ್ಟರಿನ ಕೆಲಸದಲ್ಲಿ ನಮ್ಮ ಕಡೆ ಒಂದು ಕೆಟ್ಟ ರೂಢಿ ಇದೆ. ಮೋಟಾರ್ ಪದೇ ಪದೇ ನಿಲ್ಲುತ್ತದೆ ಎಂದು ಓವರ್‌ಲೋಡ್ ರಿಲೇಯನ್ನೇ ಬೈಪಾಸ್ ಮಾಡುವುದು, ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಸುತ್ತುವುದು. ರೈತರ ಅವಸರಕ್ಕೆ ಇದನ್ನು ಮಾಡಿ ಮಾಡಿ ಕೈಗೆ ರೂಢಿಯಾಗಿರುತ್ತದೆ. ಪರೀಕ್ಷೆಯಲ್ಲಿ ಇದು ನಡೆಯುವುದಿಲ್ಲ.

ನಾಲ್ಕನೇ ವಾರ: ಅಳತೆ, ಮತ್ತು ಗಡಿಯಾರ ಇಟ್ಟು ಪೂರ್ಣ ಕೆಲಸ. ಯಾರಾದರೂ ನಕ್ಷೆ ಬರೆದು ಕೊಡಲಿ, ಹುಡುಗ ಅದನ್ನು ನೋಡಿ ಮಾಡಲಿ. ಬೋರ್ಡು ಸೊಟ್ಟ ಇರಬಾರದು. ಕೆಲಸ ಮುಗಿದ ಮೇಲೆ ನೆಲ ಗುಡಿಸಿ ಸಾಮಾನು ಜೋಡಿಸುವುದೂ ಕೆಲಸದ ಭಾಗ. ಮನೆಯಲ್ಲಿ ಆ ಕಸ ನೀವು ಗುಡಿಸಬೇಡಿರಿ, ಅವನೇ ಗುಡಿಸಲಿ.

ಮೂರನೇ ತಯಾರಿ: ಅಳತೆ, ಲೆಕ್ಕ, ಬಣ್ಣ

ಕೆಲಸ ಮುಗಿಸಿ ನೇರವಾಗಿ ಕರೆಂಟ್ ಹಚ್ಚಿ "ದೀಪ ಹತ್ತಿತು" ಎನ್ನುವುದು ಪರೀಕ್ಷೆ ಅಲ್ಲ. ಕರೆಂಟ್ ಕೊಡುವ ಮೊದಲು ಮೂರು ಅಳತೆ ಆಗಬೇಕು. ಅರ್ಥ್ ತಂತಿ ಎಲ್ಲೂ ಕಡಿಯದೆ ಕೊನೆವರೆಗೆ ಇದೆಯೇ? ತಂತಿಗಳ ಸಿಪ್ಪೆ ಗಟ್ಟಿಯಾಗಿದೆಯೇ? ಇದನ್ನು ಮೆಗ್ಗರ್‌ನಿಂದ 500 ವೋಲ್ಟ್ ಕೊಟ್ಟು ನೋಡುತ್ತಾರೆ, ಕನಿಷ್ಠ 1 ಮೆಗಾ ಓಮ್ ಬರಬೇಕು. ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲಾಗಿಲ್ಲವೇ? ಇವು ಮೂರೂ ಸರಿ ಬಂದ ಮೇಲೆಯೇ ಕರೆಂಟ್ ಕೊಟ್ಟು, ವೋಲ್ಟೇಜ್ ನೋಡಿ, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡಬೇಕು. ಪ್ರತಿ ಅಳತೆಯನ್ನೂ ಕಾಗದದಲ್ಲಿ ಬರೆಯಬೇಕು.

ಲೆಕ್ಕವೂ ಬೇಕು, ಕಠಿಣವೇನಲ್ಲ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಗೆ 230ರಿಂದ ಭಾಗಿಸಿದರೆ ಸುಮಾರು 4.3 ಆಂಪಿಯರ್. 2000 ವ್ಯಾಟಿನ ಗೀಸರ್‌ಗೆ ಸುಮಾರು 8.7 ಆಂಪಿಯರ್. ಆದ್ದರಿಂದಲೇ ಗೀಸರನ್ನು 6 ಆಂಪಿಯರ್ ಸಾಕೆಟ್ಟಿಗೆ ಹಾಕಬಾರದು, 16ರದ್ದು ಬೇಕು. ಒಂದು ಎಚ್‌ಪಿ ಎಂದರೆ 746 ವ್ಯಾಟ್, ಅಂದರೆ 5 ಎಚ್‌ಪಿ ಮೋಟಾರ್ ಸುಮಾರು 3.7 ಕಿಲೋವ್ಯಾಟ್. ದೀಪಕ್ಕೆ ಸಾಮಾನ್ಯವಾಗಿ 1.5 ಚದರ ಮಿಲಿಮೀಟರ್ ತಂತಿ, ಸಾಕೆಟ್ಟಿಗೆ 2.5, ಗೀಸರಿನಂಥ ದೊಡ್ಡ ಲೋಡಿಗೆ 4.

ಎಲ್ಲಕ್ಕಿಂತ ಅಪಾಯ ಬಣ್ಣದಲ್ಲಿ. ನಮ್ಮ ಕಡೆ ರೂಢಿಯಲ್ಲಿ ಕೆಂಪು, ಹಳದಿ, ನೀಲಿ ಇವು ಮೂರು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಯುರೋಪು ಮತ್ತು ಅನೇಕ ದೇಶಗಳು ಅನುಸರಿಸುವ ಪದ್ಧತಿಯಲ್ಲಿ ಕಂದು, ಕಪ್ಪು, ಬೂದು ಇವು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದು ಅರ್ಥ್. ನಮ್ಮಲ್ಲಿ ಫೇಸ್ ಆಗಿರುವ ನೀಲಿ ಅಲ್ಲಿ ನ್ಯೂಟ್ರಲ್, ನಮ್ಮ ನ್ಯೂಟ್ರಲ್ ಆದ ಕಪ್ಪು ಅಲ್ಲಿ ಫೇಸ್. ಇಲ್ಲಿಯ ರೂಢಿಯಲ್ಲಿ ಅಲ್ಲಿ ಕಪ್ಪು ತಂತಿ ಮುಟ್ಟಿದರೆ ಸಾವು. ಹೋಗುವ ದೇಶದ ಬಣ್ಣಗಳನ್ನು ಕೇಳಿ ತಿಳಿದು ಗೋಡೆಗೆ ಚೀಟಿ ಹಚ್ಚಿರಿ, ಮತ್ತು ಬಣ್ಣ ನಂಬದೆ ಮೀಟರ್ ಇಟ್ಟು ನೋಡುವ ರೂಢಿ ಮಾಡಿಸಿರಿ. ಕರೆಂಟೂ ಎಲ್ಲ ಕಡೆ ಒಂದೇ ಅಲ್ಲ. ನಮ್ಮಲ್ಲಿ 50 ಹರ್ಟ್ಜ್, ಸೌದಿಯಲ್ಲಿ 60 ಹರ್ಟ್ಜ್.

ಪರೀಕ್ಷೆಯ ದಿನ

ಹಿಂದಿನ ದಿನವೇ ಆ ಊರು ಮುಟ್ಟಿ, ರಾತ್ರಿ ನಿದ್ದೆ ಮಾಡಲಿ. ರಾತ್ರಿ ಬಸ್ಸಿನಲ್ಲಿ ಕೂತು ಹೋಗಿ ಬೆಳಿಗ್ಗೆ ಪರೀಕ್ಷೆ ಕೊಟ್ಟರೆ ಕೈ ನಡುಗುತ್ತದೆ. ಪಾಸ್‌ಪೋರ್ಟಿನ ಮೂಲ ಪ್ರತಿ, ಪರೀಕ್ಷೆಯ ಚೀಟಿ ಜೊತೆಗಿರಲಿ. ಹತ್ತಿ ಬಟ್ಟೆಯ ಪೂರ್ಣ ತೋಳಿನ ಅಂಗಿ, ಗಟ್ಟಿ ಬೂಟು. ಉಂಗುರ, ಕಡಗ, ಕೊರಳ ಸರ ತೆಗೆದಿಡಬೇಕು, ಹರಕೆಯದಾದರೂ ಅಷ್ಟು ಹೊತ್ತು ನಿಮ್ಮ ಹತ್ತಿರ ಇರಲಿ. ಲೋಹದ ಮೂಲಕ ಕರೆಂಟ್ ಸುಲಭವಾಗಿ ಹರಿಯುತ್ತದೆ.

ನಕ್ಷೆ ಕೈಗೆ ಬಂದ ಕೂಡಲೇ ಪ್ಲೇಯರ್ ಹಿಡಿಯಬಾರದು. ಮೊದಲು ನಕ್ಷೆ ಪೂರ್ತಿ ಓದಬೇಕು, ಸಾಮಾನು ಎಣಿಸಬೇಕು, ಕೆಟ್ಟ ಸಾಮಾನಿದ್ದರೆ ಹೇಳಬೇಕು. ತಿಳಿಯದಿದ್ದರೆ ಕೇಳಬೇಕು, ಕೇಳುವುದು ಅವಮಾನವಲ್ಲ. ತಪ್ಪಾದರೆ ಮುಚ್ಚಿಡದೆ ಹೇಳಿ ತಿದ್ದಬೇಕು. ಅವಸರಕ್ಕಿಂತ ಕ್ರಮ ಮುಖ್ಯ.

ಫೇಲಾದರೆ? ಎಲ್ಲಿ ತಪ್ಪಿತು ಎಂದು ಬರೆದುಕೊಂಡು ಮತ್ತೆ ಅಭ್ಯಾಸ. ಆ ಹುಡುಗನನ್ನು ಊರಲ್ಲಿ "ಸೌದಿ ರಿಟರ್ನ್" ಎಂದು ಅಣಕಿಸಿದರಂತೆ. ಸಹೋದರಿಯರೇ, ನಮ್ಮ ಮಾತಿನಿಂದ ಒಬ್ಬ ಹುಡುಗನ ಧೈರ್ಯ ಕುಗ್ಗಬಾರದು.

ಹಣದ ಮಾತು

ಈಗ ಸಂಘದ ವಿಷಯಕ್ಕೆ ಬರೋಣ. ಒಂದು ಲಕ್ಷ ರೂಪಾಯಿಗೆ ತಿಂಗಳಿಗೆ ನೂರಕ್ಕೆ 2ರಂತೆ ಬಡ್ಡಿ ಹಾಕಿದರೂ ತಿಂಗಳಿಗೆ 2000, ವರ್ಷಕ್ಕೆ 24,000. ಹೊರಗಿನವರ ಹತ್ತಿರ ನೂರಕ್ಕೆ 5ರಂತೆ ತಂದರೆ ವರ್ಷಕ್ಕೆ 60,000 ಬರೀ ಬಡ್ಡಿ. ಹುಡುಗ ಹೋಗದಿದ್ದರೂ ಬಡ್ಡಿ ನಿಲ್ಲುವುದಿಲ್ಲ.

ಸರ್ಕಾರದ ನಿಯಮದ ಪ್ರಕಾರ ನೋಂದಾಯಿತ ಏಜೆಂಟ ತನ್ನ ಸೇವೆಗೆ ಪಡೆಯಬಹುದಾದದ್ದು ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲೆ 18% ಜಿಎಸ್‌ಟಿ, ಒಟ್ಟು 35,400. ಅದಕ್ಕೂ ರಸೀದಿ ಕೊಡಬೇಕು. ಏಜೆಂಟ ನೋಂದಾಯಿತನೇ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ನೋಡಬಹುದು. ಊರೂರು ತಿರುಗುವ ಸಬ್-ಏಜೆಂಟರಿಗೆ ಪರವಾನಗಿ ಇರುವುದಿಲ್ಲ. ಸಂಶಯ ಬಂದರೆ ಸರ್ಕಾರದ ಉಚಿತ ಸಹಾಯವಾಣಿ 1800113090ಕ್ಕೆ ಕರೆ ಮಾಡಿರಿ. ನಮ್ಮ ರಾಜ್ಯ ಸರ್ಕಾರವೂ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಬೆಂಗಳೂರಿನಲ್ಲಿ ಅಂತಾರಾಷ್ಟ್ರೀಯ ವಲಸೆ ಕೇಂದ್ರ ನಡೆಸುತ್ತದೆ. ಅಲ್ಲಿಯೂ ವಿಚಾರಿಸಬಹುದು.

ಇಸಿಆರ್ ಪಾಸ್‌ಪೋರ್ಟಿನವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ ಕಂತು 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ತೀರಿಕೊಂಡರೆ ಅಥವಾ ಶಾಶ್ವತ ಅಂಗವಿಕಲನಾದರೆ 10 ಲಕ್ಷದ ರಕ್ಷಣೆ. ಆ ಪಾಲಿಸಿಯ ಒಂದು ಪ್ರತಿ ಮನೆಯಲ್ಲಿರಲಿ.

ಮೂರು ಮಾತು ಕೇಳಿದರೆ ಎದ್ದು ಬನ್ನಿರಿ: "ಪರೀಕ್ಷೆ ನಾನು ಪಾಸ್ ಮಾಡಿಸುತ್ತೇನೆ", "ವಿಸಿಟ್ ವೀಸಾದ ಮೇಲೆ ಹೋಗಲಿ, ಅಲ್ಲಿ ಕೆಲಸ ಸಿಗುತ್ತದೆ", "ಪಾಸ್‌ಪೋರ್ಟ್ ನನ್ನ ಹತ್ತಿರವೇ ಇರಲಿ".

ಆ ತಾಯಿಯ ಸಂಘ ಕೊನೆಗೆ ಏನು ಮಾಡಿತು? ಒಂದು ಲಕ್ಷ ಕೊಡಲಿಲ್ಲ. ಬರಿಗೈಯಲ್ಲೂ ಕಳಿಸಲಿಲ್ಲ. ಪಾಸ್‌ಪೋರ್ಟ್ ಖರ್ಚು, ಅಭ್ಯಾಸದ ಸಾಮಾನು, ಒಂದು ಒಳ್ಳೆಯ ಮಲ್ಟಿಮೀಟರ್, ಪರೀಕ್ಷೆಯ ಶುಲ್ಕ, ಹೋಗಿ ಬರುವ ಖರ್ಚು ಇಷ್ಟಕ್ಕೆ ಹಂತ ಹಂತವಾಗಿ, ರಸೀದಿ ನೋಡಿ ಸಾಲ ಕೊಡುವುದೆಂದು ಠರಾವು ಮಾಡಿದರು. ಆ ಠರಾವಿಗೆ ಮೊದಲು ಕೈ ಎತ್ತಿದವಳು ಗಂಡನನ್ನು ಕಳೆದುಕೊಂಡ ಆ ಸಹೋದರಿ.

ಹುಡುಗ ಎರಡನೇ ಸಲ ಪಾಸಾದ. ಕೆಲಸದ ಒಪ್ಪಂದ ಇನ್ನೂ ಬಂದಿಲ್ಲ, ಕಾಯುತ್ತಿದ್ದಾನೆ. ಕಾಯುವಾಗ ಸುಮ್ಮನೆ ಕುಳಿತಿಲ್ಲ. ವೈರ್‌ಮನ್ ಪರ್ಮಿಟಿಗೆ ಅರ್ಜಿ ಹಾಕಿದ್ದಾನೆ, ಊರ ಕೆಲಸ ಮಾಡುತ್ತಿದ್ದಾನೆ. ಈಗ ರೈತರು "ಲಗೂನ ಮಾಡೋ, ಬೈಪಾಸ್ ಮಾಡಿಬಿಡೋ" ಎಂದರೂ ಒಪ್ಪುವುದಿಲ್ಲವಂತೆ. "ಸೌದಿಗೆ ಹೋಗ್ತಾನೋ ಬಿಡ್ತಾನೋ ಸಿಸ್ಟರ್, ಸಂಜೀಕ ಮನೀಗೆ ಬರ್ತಾನಂತ ಧೈರ್ಯ ಬಂದೈತಿ," ಎಂದು ಅವನ ತಾಯಿ ನಮಗೆ ಹೇಳಿದಳು. ಈ ಪಾಠದ ಫಲ ಇದೇ.

ಯೇಸುಸ್ವಾಮಿ ನಜರೇತಿನಲ್ಲಿ ಬಡಗಿಯ ಮನೆಯಲ್ಲಿ ಬೆಳೆದು ಕೈಕೆಲಸ ಮಾಡಿದವರು. 1955ರಲ್ಲಿ ಘೋಷಿಸಿದಂತೆ ಧರ್ಮಸಭೆ ಮೇ 1ನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವಾಗಿ ಆಚರಿಸುತ್ತದೆ. ನಮ್ಮ ನಾಡಿನ ಶರಣರು ಕಾಯಕಕ್ಕೆ ಕೊಟ್ಟ ಗೌರವ ನಿಮಗೆ ಗೊತ್ತೇ ಇದೆ. ಕೈಕೆಲಸ ಪವಿತ್ರವಾದದ್ದು, ಅದನ್ನು ಮಾಡುವ ಕೈ ಅದಕ್ಕಿಂತ ಅಮೂಲ್ಯವಾದದ್ದು. ಅದನ್ನು ಕಾಪಾಡೋಣ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಕರೆಂಟಿನ ಕೆಲಸ ಮಾಡುವವರು ಎಷ್ಟು ಜನ? ಅವರಲ್ಲಿ ಪರ್ಮಿಟ್ ಇರುವವರು ಎಷ್ಟು?
2. ಐದು ಹೆಜ್ಜೆಗಳು ಯಾವುವು? ಪುಸ್ತಕ ನೋಡದೆ ಒಬ್ಬೊಬ್ಬರು ಒಂದೊಂದು ಹೇಳಿರಿ.
3. ಪರದೇಶಕ್ಕೆ ಹೋಗಲು ನಮ್ಮ ಊರಲ್ಲಿ ಯಾರಾದರೂ ಹಣ ಕಳೆದುಕೊಂಡಿದ್ದಾರೆಯೇ? ಎಲ್ಲಿ ಎಡವಿದರು?
4. ಇಂಥ ಸಾಲಕ್ಕೆ ನಮ್ಮ ಸಂಘದ ನಿಯಮ ಏನಿರಬೇಕು?
5. ಹೆಣ್ಣುಮಕ್ಕಳನ್ನೂ ಎಲೆಕ್ಟ್ರಿಷಿಯನ್ ಟ್ರೇಡಿಗೆ ಸೇರಿಸಬಹುದಲ್ಲವೇ? ನಮ್ಮನ್ನು ತಡೆಯುವುದು ಏನು?

ಈ ತಿಂಗಳ ಕೆಲಸ

ಪ್ರತಿ ಸದಸ್ಯೆಯೂ ತನ್ನ ಮನೆಯಲ್ಲಿ ಮೇನ್ ಎಲ್ಲಿದೆ, ಅದನ್ನು ಹೇಗೆ ಆರಿಸುವುದು ಎಂದು ಕಲಿಯಬೇಕು. ಆರ್‌ಸಿಸಿಬಿ ಇದೆಯೇ ನೋಡಬೇಕು. ಬರುವ ಸಭೆಯಲ್ಲಿ ವರದಿ ಒಪ್ಪಿಸಬೇಕು. ಮನೆಯಲ್ಲಿ ಯಾರಾದರೂ ಕರೆಂಟ್ ಇರುವಾಗಲೇ ತಂತಿಗೆ ಕೈ ಹಾಕಿದರೆ, ಹಿರಿಯರಿರಲಿ ಕಿರಿಯರಿರಲಿ, ಸಂಕೋಚಪಡದೆ ಹೇಳಿರಿ: "ಸಾಕು, ನಿಲ್ಲಿಸು."

ದೇವರು ನಿಮ್ಮೆಲ್ಲರ ಕುಟುಂಬಗಳನ್ನು ಕಾಪಾಡಲಿ.